ಹೊಸಬ ಬೇಕಾಗಿದ್ದಾನೆ

ಇಂದ,
ಕ್ಲೆಮ್ ಪಾಸ್ಕೊ, ವಯಸ್ಸು 69,
ನಿವೃತ್ತ ಶಾಲಾ ಬಸ್ ಚಾಲಕ, ಸದಸ್ಯತ್ವ ಸಂಖ್ಯೆ 22,
ಜೆಟ್ಟಿ ರಸ್ತೆ, ಪೋರ್ಟ್ ಕಾರ್ಡೀ, ದಕ್ಷಿಣ ಆಸ್ಟ್ರೇಲಿಯಾ.

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಕಾರ್ಯಕಾರಿ ಸಮಿತಿ,
ಪೋರ್ಟ್ ಕಾರ್ಡೀ ಗಂಡಸರ ಶೆಡ್,
ಹಳೆಯ ಉಣ್ಣೆ ಗೋದಾಮು, ಪೋರ್ಟ್ ಕಾರ್ಡೀ.

ದಿನಾಂಕ: 17-02-2026, ಮಂಗಳವಾರ

ವಿಷಯ: ಹೊಸಬರಿಗೆ ಸುಲಭವಾದ ಲಿನಕ್ಸ್ ಆಯ್ಕೆ ಮಾಡುವ ಕಲಾಪದ ನಡುವೆ ನನ್ನೊಂದಿಗೆ ಮಾತು ಬಿಟ್ಟು ಇಂದಿಗೆ ಹದಿನಾಲ್ಕು ವಾರ ಪೂರೈಸಿರುವ ಶ್ರೀ ಬೆವನ್ ಹ್ಯಾಡೊ (ಸದಸ್ಯತ್ವ ಸಂಖ್ಯೆ 23) ಅವರನ್ನು ನನಗೆ ಮರಳಿ ದೊರಕಿಸಿಕೊಡುವ ಬಗ್ಗೆ.

ಉಲ್ಲೇಖ:
1) ದಿ. 11-11-2025ರ ಸಭೆಯ ನಿರ್ಣಯ ಸಂಖ್ಯೆ 4.
2) ಅದೇ ದಿನ ಬೆಳಿಗ್ಗೆ 10.52ಕ್ಕೆ ನಾನು ಆಡಿದ ಮೂರು ಪದಗಳು.
3) ಸದರಿ ಪದಗಳಿಗೆ ಶ್ರೀ ಹ್ಯಾಡೊ ಅವರು ಇದುವರೆಗೆ ನೀಡದಿರುವ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗೆ ಸಹಿ ಮಾಡಿರುವ ನಾನು ಸಮಿತಿಯ ಗಮನಕ್ಕೆ ತರುವುದೇನೆಂದರೆ:

1. ನಾನು ಮತ್ತು ಶ್ರೀ ಹ್ಯಾಡೊ (ಮುಂದೆ ‘ಬೆವನ್’ ಎಂದು ಬರೆಯಲಾಗುವುದು, ಕಾರಣ ಅಭ್ಯಾಸ) ಹನ್ನೊಂದು ವರ್ಷಗಳ ಹಿಂದೆ ಒಂದೇ ದಿನ, ನಿವೃತ್ತ ಗಂಡಸರು ಕೂಡಿ ಮರಗೆಲಸ, ರಿಪೇರಿ ಮಾಡುವ ಈ ಶೆಡ್ಡಿಗೆ ಸೇರಿದೆವು. ಅವರು ಧಾನ್ಯ ಸಂಗ್ರಹಿಸುವ ಗೋಪುರಗಳಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವರು. ಅಂದಿನಿಂದ ಪ್ರತಿ ಮಂಗಳವಾರ ಮತ್ತು ಗುರುವಾರ ನನ್ನ ಪಿಕಪ್ಪಿನಲ್ಲೇ ಇಬ್ಬರೂ ಬರುತ್ತಿದ್ದೆವು. ನಮ್ಮ ಶೆಡ್ಡಿನ ಕೆಲಸದ ಬೆಂಚುಗಳೆಲ್ಲ ಗೋಡೆಗೆ ಮುಖ ಮಾಡಿಕೊಂಡಿರುವುದು ಸಮಿತಿಗೆ ತಿಳಿದ ವಿಷಯ. ಇಲ್ಲಿ ಯಾರೂ ಎದುರುಬದುರಾಗಿ ಮಾತಾಡುವುದಿಲ್ಲ. ಭುಜಕ್ಕೆ ಭುಜ ತಾಗಿಸಿ ನಿಂತು, ಇಬ್ಬರೂ ಒಂದೇ ಮರದ ತುಂಡನ್ನು ನೋಡುತ್ತಾ ಮಾತಾಡುತ್ತೇವೆ. ನನ್ನ ಹೆಂಡತಿ ಅಡಿಲೇಡ್‌ಗೆ ಹೋದವಳು ಇನ್ನು ಬರುವುದಿಲ್ಲ ಎಂದ ವಾರ, ಆ ಸುದ್ದಿಯನ್ನು ನಾನು ಒಂದು ಹಕ್ಕಿಗೂಡಿಗೆ ಮೊಳೆ ಹೊಡೆಯುತ್ತಾ ಬೆವನ್‌ಗೆ ಹೇಳಿದೆ. ಅವರು “ಮೊಳೆ ಸೊಟ್ಟ ಹೋಗ್ತಿದೆ ನೋಡು. ಸಂಜೆ ಮನೆಗೆ ಬಾ, ಮೀನು ಇದೆ” ಅಂದರು. ಆ ಬಳಿಕ ಆ ವಿಷಯವಾಗಿ ಯಾರೂ ನನಗೆ ಅದಕ್ಕಿಂತ ಉಪಯುಕ್ತವಾದದ್ದನ್ನು ಹೇಳಿಲ್ಲ. ಆದ್ದರಿಂದ ಸದರಿ ವ್ಯಕ್ತಿಯ ಬದಲಿಗೆ ಬೇರೊಬ್ಬ ಸದಸ್ಯರನ್ನು ನನಗೆ ಮಂಜೂರು ಮಾಡಿದರೆ ಒಪ್ಪಿಕೊಳ್ಳಲು ಆಗುವುದಿಲ್ಲ.

2. ಕಳೆದ ಅಕ್ಟೋಬರಿನಲ್ಲಿ ಊರಿನ ಬಹುತೇಕ ಕಂಪ್ಯೂಟರುಗಳಲ್ಲಿದ್ದ ಆಪರೇಟಿಂಗ್ ಸಿಸ್ಟಂಗೆ ಅದನ್ನು ಮಾಡಿದವರು ರಕ್ಷಣೆ ನಿಲ್ಲಿಸಿದರು. ಹೊಸದು ಹಾಕಿಸೋಣವೆಂದರೆ ಯಂತ್ರಗಳಿಗೆ ವಯಸ್ಸಾಗಿದೆ. ಯಂತ್ರಗಳ ಮಾಲೀಕರಿಗೂ ವಯಸ್ಸಾಗಿದೆ. ಆ ಕಾರಣ ಹನ್ನೊಂದು ಕಂಪ್ಯೂಟರುಗಳು ನಮ್ಮ ಶೆಡ್ಡಿನ ಬಾಗಿಲಿಗೆ ಬಂದು ಬಿದ್ದವು, ಹುಲ್ಲು ಕತ್ತರಿಸುವ ಯಂತ್ರಗಳು ಬಂದು ಬೀಳುವ ಹಾಗೆಯೇ. ಇವನ್ನು ಎಸೆಯುವ ಬದಲು ಲಿನಕ್ಸ್ ಎಂಬ ಬೇರೆ ಸಿಸ್ಟಂ ಹಾಕಿಕೊಡಿ, ಅದು ಪುಕ್ಕಟೆ, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂದು ಊರಿನ ಗ್ರಂಥಪಾಲಕಿಯೂ ಬೆವನ್ ಅವರ ಪತ್ನಿಯೂ ಆದ ಶ್ರೀಮತಿ ಲೋರ್ನಾ ಹ್ಯಾಡೊ ಸಲಹೆ ಕೊಟ್ಟರು. ಲಿನಕ್ಸ್‌ನಲ್ಲಿ ನೂರಾರು ತಳಿಗಳಿವೆಯೆಂದು ಅವರು ಹೇಳಿದ್ದು ಸಲಹೆಯನ್ನು ನಾವು ಒಪ್ಪಿಕೊಂಡ ಮೇಲೆ.

3. ಲೋರ್ನಾ ಅವರೇ ಆರು ತಳಿಗಳನ್ನು ಆರಿಸಿ ಆರು ಪೆನ್ ಡ್ರೈವ್‌ಗಳಲ್ಲಿ ಹಾಕಿಕೊಟ್ಟರು. ಯಂತ್ರಕ್ಕೆ ಸಿಕ್ಕಿಸಿ ಆನ್ ಮಾಡಿದರೆ ಸಾಕು, ಒಳಗಿರುವುದನ್ನು ಅಳಿಸದೆ ಲಿನಕ್ಸ್ ಹೇಗಿದೆಯೆಂದು ನೋಡಬಹುದು. ಆಫ್ ಮಾಡಿದರೆ ನಾವು ಮಾಡಿದ್ದೆಲ್ಲ ಮರೆತುಹೋಗುತ್ತದೆ. ನವೆಂಬರ್ ಹನ್ನೊಂದನೇ ತಾರೀಖು ಹತ್ತೂವರೆಯ ಚಹಾದ ಹೊತ್ತಿಗೆ ಇವುಗಳ ಪೈಕಿ ಹೊಸಬರಿಗೆ ಸುಲಭವಾದದ್ದನ್ನು ಆರಿಸಲು ಸಭೆ ಸೇರಿತು. ತಾವು ಹೊರಗೆ ಒಲೆಯ ಮೇಲೆ ಸಾಸೇಜ್ ತಿರುಗಿಸುತ್ತಾ ಕಿಟಕಿಯಿಂದಲೇ ಅಧ್ಯಕ್ಷತೆ ವಹಿಸಿದ್ದಿರಿ. ಹೊಗೆಯ ಕಾರಣ ತಮಗೆ ಕಾಣದೆ ಹೋಗಿರಬಹುದಾದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಆರು ತಳಿಗಳಲ್ಲಿ ಉಬುಂಟು ಎಂಬುದು ಇರಲಿ ಎಂದು ನಾನೆಂದೆ.

“ಯಾಕಪ್ಪಾ?” ಅಂದರು ಬೆವನ್.

“ಹೆಸರು ಕೇಳಿದ್ದೀನಿ.”

“ಹೆಸರು ಕೇಳಿದ್ದೀನಿ ಅಂತ ಮದುವೆ ಆಗೋಕಾಗತ್ತೇನೋ?”

“ಆಗಿದ್ದೆ ಮಾರಾಯ. ಅದಕ್ಕೇ ಈ ಗತಿ.”

ಎಲ್ಲರೂ ನಕ್ಕರು. ಬೆವನ್ ಎಲ್ಲರಿಗಿಂತ ಹೆಚ್ಚು ನಕ್ಕರು. ಇದನ್ನು ಒತ್ತಿ ಬರೆಯಲು ಕಾರಣ, ಆ ದಿನ 10.52ರವರೆಗೆ ನಮ್ಮ ನಡುವೆ ಯಾವ ತಕರಾರೂ ಇರಲಿಲ್ಲ. ಅವರ ಆಯ್ಕೆ ಮಿಂಟ್ ಆಗಿತ್ತು. “ನೋಡೋಕೆ ಹಳೇದರ ಥರಾನೇ ಇದೆ. ಗುಂಡಿ ಎಲ್ಲಿತ್ತೋ ಅಲ್ಲೇ ಇದೆ. ವಯಸ್ಸಾದೋರಿಗೆ ಗುಂಡಿ ಹುಡುಕೋ ಕೆಲಸ ಕೊಡಬಾರದು” ಎಂಬುದು ಅವರ ವಾದ. ಬಣ್ಣದ ವಿಭಾಗದ ಸದಸ್ಯರೊಬ್ಬರು ಆರ್ಚ್ ಎಂಬುದೇ ಬೇಕೆಂದು ಹಟ ಹಿಡಿದರು. ಅದು ಹೊಸಬರಿಗಲ್ಲ ಎಂದು ಲೋರ್ನಾ ಚೀಟಿ ಅಂಟಿಸಿದ್ದರೂ, “ಕಷ್ಟಪಟ್ಟು ಕಲಿತ್ರೇನೇ ಕಲಿತ ಹಾಗೆ. ನಮ್ಮಪ್ಪ ನನಗೆ ಈಜು ಕಲಿಸಿದ್ದು ಜೆಟ್ಟಿಯಿಂದ ನೂಕಿ” ಅಂದರು. ನೀರಿನಿಂದ ಯಾರು ಎತ್ತಿದರು ಎಂದು ಕೇಳಿದ್ದಕ್ಕೆ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ಒಮ್ಮತ ಮೂಡದ ಕಾರಣ ಆರೂ ಪೆನ್ ಡ್ರೈವ್‌ಗಳನ್ನು ತೂಕಕ್ಕೆ ಹಾಕಲಾಯಿತು. ಎಲ್ಲವೂ ಒಂಬತ್ತು ಗ್ರಾಂ. ಆದ್ದರಿಂದ ತೂಕದ ಆಧಾರದ ಮೇಲೆ ತೀರ್ಮಾನಕ್ಕೆ ಬರಲಾಗಲಿಲ್ಲ.

4. ಈ ಹಂತದಲ್ಲಿ ನಮ್ಮ ಸುರಕ್ಷತಾ ಅಧಿಕಾರಿ ಶ್ರೀ ಆತೊಲ್ ಬ್ರಿಂಬಲ್ ಅವರು ಎದ್ದು ನಿಂತು, ನಮೂನೆ 6 ಇಲ್ಲದೆ ಯಾವ ಯಂತ್ರವನ್ನೂ ಮುಟ್ಟುವಂತಿಲ್ಲ ಎಂದು ಜ್ಞಾಪಿಸಿದರು. ನಮೂನೆ 6ರ ಪ್ರಕಾರ ಹೊಸ ಯಂತ್ರಕ್ಕೆ ಬರುವ ಸದಸ್ಯನ ಪಕ್ಕದಲ್ಲಿ, ಆ ಯಂತ್ರ ಬಲ್ಲ ಇನ್ನೊಬ್ಬ ಸದಸ್ಯ ಹತ್ತು ಗಂಟೆ ಕಾಲ ಇರಬೇಕು. ಕನ್ನಡಕ, ಮುಚ್ಚಿದ ಬೂಟು, ಕಿವಿ ಮುಚ್ಚಳ ಕಡ್ಡಾಯ.

“ಕಂಪ್ಯೂಟರಿಗೆ ಕಿವಿ ಮುಚ್ಚಳ ಯಾಕೋ ಆತೊಲ್?” ಎಂದು ಬೆವನ್ ಕೇಳಿದರು.

“ಒಳಗೆ ಫ್ಯಾನ್ ಇದೆಯೋ ಇಲ್ವೋ?”

“ಇದೆ.”

“ಫ್ಯಾನ್ ಅಂದ್ರೆ ತಿರುಗೋ ಭಾಗ. ತಿರುಗೋ ಭಾಗ ಅಂದ್ರೆ ನಮೂನೆ ಆರು. ಮಾಡಿದ್ದು ನಾನಲ್ಲ, ನಾನು ಓದ್ತೀನಿ ಅಷ್ಟೆ.”

ಮಾಡಿದ್ದು ಆತೊಲ್ ಅವರೇ ಎಂಬುದು ನಮೂನೆಯ ಅಡಿಯಲ್ಲಿ ಅಚ್ಚಾಗಿದೆ.

5. ಕೊನೆಗೆ ಕಾರ್ಯದರ್ಶಿಗಳು ಒಂದು ಸರಳ ದಾರಿ ಸೂಚಿಸಿದರು. ಹೊಸಬನಿಗೆ ಯಾವುದು ಸುಲಭ ಎಂದು ತಿಳಿಯಲು ಒಬ್ಬ ಹೊಸಬನನ್ನು ಕೂರಿಸಿ ಆರನ್ನೂ ಅವನ ಕೈಗೆ ಕೊಡೋಣ, ಯಾವುದರಲ್ಲಿ ಕಡಿಮೆ ಬೈಯುತ್ತಾನೋ ಅದು ಗೆದ್ದಂತೆ. ಸಭೆ ಇದನ್ನು ಸರ್ವಾನುಮತದಿಂದ ಒಪ್ಪಿತು (ನಿರ್ಣಯ ಸಂಖ್ಯೆ 4). “ಹಾಗಾದ್ರೆ ಇಲ್ಲಿ ಹೊಸಬರು ಯಾರಿದ್ದೀರಿ?” ಎಂದು ಅವರು ಕೇಳಿದರು. ಹಾಜರಿದ್ದ ಮೂವತ್ತೊಂದು ಮಂದಿಯಲ್ಲಿ ಯಾರೂ ಕೈ ಎತ್ತಲಿಲ್ಲ. ಕಂಪ್ಯೂಟರನ್ನು ಟೀವಿ ಎಂದೇ ಕರೆಯುವ ಸದಸ್ಯರೊಬ್ಬರು ತಾವು ಮಧ್ಯಮ ಹಂತದವರೆಂದು ಬರೆಸಿದರು. ನಮ್ಮ ಶೆಡ್ಡಿನಲ್ಲಿ ಯಾರೂ ಯಾವತ್ತೂ ಯಾವುದಕ್ಕೂ ಹೊಸಬರಾಗಿರಲಿಲ್ಲ ಎಂಬುದು ಹೀಗೆ ಕಡತಕ್ಕೆ ಸೇರಿತು.

ಆ ಮೌನ ಬಹಳ ಹೊತ್ತು ಎಳೆಯಿತು. ಬಸ್ಸಿನಲ್ಲಿ ಇಪ್ಪತ್ತೇಳು ವರ್ಷ ನಲವತ್ತು ಮಕ್ಕಳ ಗದ್ದಲದ ನಡುವೆ ಕೂತವನಿಗೆ ಮೌನ ಒಗ್ಗುವುದಿಲ್ಲ. ಆ ಕಾರಣ, ತಮಾಷೆಯಿಂದ, ಬೇರೆ ಯಾವ ಉದ್ದೇಶವೂ ಇಲ್ಲದೆ, 10.52ಕ್ಕೆ ನಾನು ಹೇಳಿದ್ದು: “ನಮ್ಮ ಬೆವನ್ ಇದ್ದಾನಲ್ಲ.”

ಯಾರೂ ನಗಲಿಲ್ಲ. ಬೆವನ್ ಕೈಯಲ್ಲಿದ್ದ ಚಹಾ ಕಪ್ಪನ್ನು ಎರಡೂ ಕೈಯಿಂದ ಹಿಡಿದು ಕೆಳಗಿಟ್ಟರು.

ಹನ್ನೊಂದು ಗಂಟೆಗೆ ತಾವು ಒಳಗೆ ಬಂದಿರಿ. ಅಂದು ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ. ಪ್ರತಿ ವರ್ಷದಂತೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದೆವು. ಮೂವತ್ತು ಜನರ ಮೌನ 11.01ಕ್ಕೆ ಮುಗಿಯಿತು. ಬೆವನ್ ಅವರದು ನನ್ನ ಮಟ್ಟಿಗೆ ಇನ್ನೂ ಚಾಲ್ತಿಯಲ್ಲಿದೆ.

6. ಅಂದಿನಿಂದ ಅವರು ನಡೆದುಕೊಂಡೇ ಬರುತ್ತಾರೆ. ನಾನು ಪಿಕಪ್ಪನ್ನು ಅವರ ಪಕ್ಕದಲ್ಲಿ ನಡಿಗೆಯ ವೇಗದಲ್ಲಿ ಎರಡು ಕಿಲೋಮೀಟರ್ ಓಡಿಸಿದ್ದೂ ಉಂಟು. ಹಿಂದಿನ ಗಾಡಿಯವರು ಹಾರ್ನ್ ಹೊಡೆದರು, ಬೆವನ್ ತಿರುಗಿ ಅವರಿಗೆ ಮಾತ್ರ ಕ್ಷಮೆ ಕೇಳಿದರು. ಶೆಡ್ಡಿನೊಳಗೆ ಅಗತ್ಯ ಬಿದ್ದರೆ ಆತೊಲ್ ಮೂಲಕ ವ್ಯವಹರಿಸುತ್ತಾರೆ. ಉದಾಹರಣೆಗೆ ಡಿಸೆಂಬರ್ ಎರಡರಂದು, ನಾನು ಅವರಿಗೆ ಅಂಟಿಕೊಂಡು ನಿಂತಿದ್ದಾಗ:

“ಆತೊಲ್, ಆ ಬಸ್ಸಿನವನಿಗೆ ಹೇಳು, ನನ್ನ ಕಾಲು ತುಳೀತಿದ್ದಾನೆ ಅಂತ.”

“ಕ್ಲೆಮ್, ಕಾಲು ತುಳೀತಿದ್ದೀಯಂತೆ.”

“ಗೊತ್ತು ಅಂತ ಹೇಳು.”

“ಗೊತ್ತಂತೆ ಬೆವನ್.”

“ಗೊತ್ತಿದ್ರೆ ತೆಗೀಬೇಕು ಅಂತ ಹೇಳು.”

“ಲೇ, ನೀವಿಬ್ಬರೂ ಮದುವೆಯಾಗಿಬಿಡ್ರಪ್ಪ, ನನಗೆ ಬೇರೆ ಕೆಲಸ ಇದೆ.”

‘ತಪ್ಪಾಯ್ತು’ ಎಂಬ ಪದವನ್ನು ನಾನು ಒಂದು ಪೈನ್ ಹಲಗೆಯ ಮೇಲೆ ಚೆನ್ನಾಗಿ ಕೆತ್ತಿ, ಮೆರುಗು ಹಾಕಿ, ಬೆವನ್ ಅವರ ಬೆಂಚಿನ ಮೇಲಿಟ್ಟೆ. ಅವರು ಬರುವ ಮೊದಲೇ ಆತೊಲ್ ಅದನ್ನು ಕಂಡು, ಅಳತೆ ಸರಿಯಾಗಿದೆಯೆಂದು ಹಿಂಬಾಗಿಲ ಕೆಳಗಿನ ಸಂದಿಗೆ ಹೊಡೆದುಬಿಟ್ಟರು. ಈಗ ಗಾಳಿ ಬರುವುದಿಲ್ಲ.

7. (ಈ ಅಂಶದಲ್ಲಿ ಬೆವನ್ ಅವರದೂ ಸ್ವಲ್ಪ ತಪ್ಪಿದೆ ಎಂದು ವಾದಿಸಲಾಗಿತ್ತು. ಹಿಂಪಡೆಯಲಾಗಿದೆ.)

8. ಡಿಸೆಂಬರ್ 11ರಂದು ಲಿನಕ್ಸ್ ತಳಿಗಳ ಸಂಖ್ಯೆ ಆರರಿಂದ ಒಂದಕ್ಕೆ ಇಳಿಯಿತು. ನಮ್ಮ ಗೋಡೆಯ ನೆರಳು ಹಲಗೆಯ ಬಗ್ಗೆ ಸಮಿತಿಗೆ ನಾನು ಹೇಳಬೇಕಾಗಿಲ್ಲ. ಪ್ರತಿ ಸುತ್ತಿಗೆ, ಪ್ರತಿ ಇಕ್ಕಳಕ್ಕೂ ಅದರದೇ ಆಕಾರದ ಕಪ್ಪು ಗುರುತು ಬರೆದು ಮೊಳೆ ಹೊಡೆದಿದೆ. ತೆಗೆದದ್ದು ಅದೇ ನೆರಳಿಗೆ ಮರಳಬೇಕು. ಇದು ಆತೊಲ್ ಅವರ ಜೀವಮಾನದ ಸಾಧನೆ. ಆ ದಿನ ಚಹಾಕ್ಕೆ ಬಂದಾಗ ಹಲಗೆಯ ಕೆಳ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಆರು ಹೊಸ ನೆರಳುಗಳಿದ್ದವು. ಐದರ ಮೇಲೆ ಐದು ಪೆನ್ ಡ್ರೈವ್‌ಗಳು ಸಾಲಾಗಿ ನೇತಾಡುತ್ತಿದ್ದವು.

“ಎಲ್ಲೆಂದರಲ್ಲಿ ಬಿದ್ದಿರ್ತಿದ್ವು. ನೋಡು ಈಗ ಎಷ್ಟು ಚಂದ” ಅಂದರು ಆತೊಲ್.

“ಯಾವುದಕ್ಕೆ ನೇತು ಹಾಕ್ದೆ?” ಎಂದು ನಾನು ಕೇಳಿದೆ.

“ಮೊಳೆಗೆ. ತೂತು ಕೊರೆದು.”

“ಎಲ್ಲಿ ಕೊರೆದೆ?”

“ಸರೀ ನಡುಮಧ್ಯೆ. ಅಳತೆ ತಗೊಂಡೇ ಕೊರೆದಿದ್ದೀನಿ, ಐದು ಮಿಲಿಮೀಟರ್. ಒಂದೂ ವಾಲ್ತಿಲ್ಲ ನೋಡು.”

“ಆತೊಲ್, ಅದರೊಳಗೆ ಲಿನಕ್ಸ್ ಇತ್ತು.”

“ಇರಲಿ ಬಿಡು. ನಾನೇನು ತೆಗೆದಿಲ್ಲವಲ್ಲ.”

ಗ್ರಂಥಾಲಯಕ್ಕೆ ರಜೆ ಬಂದು ಲೋರ್ನಾ ಊರಲ್ಲಿರದಿದ್ದ ಕಾರಣ ಹೊಸ ಪೆನ್ ಡ್ರೈವ್‌ಗಳು ಸಿಗದೆ, ತೂತಾದ ತಳಿಗಳನ್ನು ಸ್ಪರ್ಧೆಯಿಂದ ಹೊರಗಿಟ್ಟು ಸಮಿತಿ ನಿರ್ಣಯ ಕೈಗೊಂಡಿತು. ಆರನೆಯ ನೆರಳು ಖಾಲಿಯಿತ್ತು. ಆ ಪೆನ್ ಡ್ರೈವ್ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಅದು ಮಿಂಟ್.

9. (ಈ ಅಂಶವನ್ನೂ ಮುಂದಿನದನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದತಕ್ಕದ್ದಲ್ಲ.) ಜನವರಿಯಲ್ಲಿ ನಾನು ಜೆಟ್ಟಿಯ ತುದಿಯಲ್ಲಿ ಏಡಿ ಹಿಡಿಯುತ್ತಿದ್ದಾಗ ಲೋರ್ನಾ ಬಂದು ಪಕ್ಕದಲ್ಲಿ ತಮ್ಮ ಬಲೆ ಇಳಿಬಿಟ್ಟರು.

“ಅವನ ಹತ್ರ ಕ್ಷಮೆ ಕೇಳಿದ್ಯಾ?”

“ಹಲಗೇಲಿ ಕೇಳಿದೆ.”

“ಎದುರಿಗೆ ನಿಂತು ಕೇಳೋ.”

“ಎದುರಿಗೆ ನಿಂತು ನಾನು ಯಾವತ್ತೂ ಏನೂ ಹೇಳಿದವನಲ್ಲ ಲೋರ್ನಾ. ಬೇಕಾದ್ರೆ ನನ್ನ ಹೆಂಡತೀನ ಕೇಳು.”

“ಕೇಳಿದ್ದೀನಿ. ಅವಳೂ ಅದನ್ನೇ ಹೇಳಿದ್ಲು.”

ಬಲೆ ಎರಡು ಸಲ ಮೇಲೆ ಬಂದು ಎರಡು ಸಲ ಖಾಲಿ ಇಳಿಯಿತು. ಆಮೇಲೆ ಅವರು, ನೀರನ್ನೇ ನೋಡುತ್ತಾ, ಹೇಳಿದರು: “ಆ ಕೈ ವಿಷಯ ನಿಂಗೆ ಗೊತ್ತಿತ್ತು ತಾನೇ?”

ಗೊತ್ತಿತ್ತು. ಆಗಸ್ಟಿನಲ್ಲಿ ಆತೊಲ್ ಅವರು ಲೇತ್ ಯಂತ್ರದ ಪಟ್ಟಿಯಿಂದ ಬೆವನ್ ಅವರ ಹೆಸರನ್ನು ಹೊಡೆದುಹಾಕಿದಾಗ ಶೆಡ್ಡಿನಲ್ಲಿ ಎಲ್ಲರೂ ನೆಲ ಗುಡಿಸುತ್ತಿದ್ದೆವು. ಏಳೆಂಟು ಪೊರಕೆ ಒಟ್ಟಿಗೆ ಆಡುತ್ತಿದ್ದವು, ಗುಡಿಸಲು ಏನೂ ಇರಲಿಲ್ಲ. ಅವರ ಬಲಗೈ ನಡುಗುವುದನ್ನು ಪ್ರತಿಯೊಬ್ಬರೂ ನೋಡಿದ್ದೆವು, ಪ್ರತಿಯೊಬ್ಬರೂ ಬೇರೆಯವರು ನೋಡಿಲ್ಲವೆಂದು ನಂಬಿದ್ದೆವು. ಕಾಯಿಲೆಗೆ ಹೆಸರಿದೆ. ಅರ್ಜಿಗೆ ಅದರ ಅಗತ್ಯವಿಲ್ಲ.

“ಲೇತ್ ಹೋಯ್ತು, ಕಂಪ್ಯೂಟರ್ ಆದ್ರೂ ಕಲೀತೀನಿ ಅಂತ ಹೊರಟಿದ್ದ” ಅಂದರು ಲೋರ್ನಾ. “ಎರಡು ಸಲ ಒತ್ತಿದ್ರೆ ತೆರೆಯತ್ತೆ ಅಂತಾರಲ್ಲ. ಆ ಕೈ ಎಷ್ಟು ಸಲ ಒತ್ತುತ್ತೆ ಅಂತ ಅದಕ್ಕೇ ಗೊತ್ತಿಲ್ಲ. ಮೊಮ್ಮಗಳ ಒಂದು ಫೋಟೋ ಒತ್ತಿದ್ರೆ ನಾಲ್ಕು ತೆರಕೊಳ್ತಾವೆ. ಒಬ್ಬ ಮೊಮ್ಮಗಳು ಹೋಗಿ ನಾಲ್ಕು ಜನ ಆದ್ರಲ್ಲೋ ಅಂತ ತಮಾಷೆ ಮಾಡ್ದೆ. ನಗಲಿಲ್ಲ. ಮಾರನೇ ದಿನ ನೀನು ಹೋಗಿ ಮೂವತ್ತು ಜನದ ಮುಂದೆ...”

ನನ್ನ ಬಲೆಯಲ್ಲಿ ಏಡಿ ಬಿದ್ದಿತ್ತು, ದೊಡ್ಡದು. ಬಿಟ್ಟುಬಿಟ್ಟೆ.

10. ಫೆಬ್ರುವರಿ 5, ಗುರುವಾರ, ಬೆಳಿಗ್ಗೆ 7.15. ಚಹಾದ ಹಂಡೆ ಹಚ್ಚುವ ಪಾಳಿ ನನ್ನದಾದ್ದರಿಂದ ಬೇಗ ಬಂದೆ. ಮೂಲೆಯ ಕಂಪ್ಯೂಟರಿನ ಮುಂದೆ, ನನಗೆ ಬೆನ್ನು ಹಾಕಿ, ಬೆವನ್ ಕೂತಿದ್ದರು. ನಿಯಮದಂತೆ ಕನ್ನಡಕ, ನಿಯಮದಂತೆ ಕಿವಿ ಮುಚ್ಚಳ. ಆ ಕಾರಣ ನಾನು ಬಂದದ್ದು ಅವರಿಗೆ ಕೇಳಲಿಲ್ಲ. ಕಳೆದುಹೋಗಿದ್ದ ಆರನೆಯ ಪೆನ್ ಡ್ರೈವ್ ಆ ಯಂತ್ರದ ಬದಿಯಲ್ಲಿತ್ತು.

ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಮೌಸ್ ಸರಿಸುತ್ತಿದ್ದರು. ಒಂದು ಪಟ್ಟಿ ತೆರೆದರು. ಅದರೊಳಗೆ ಇನ್ನೊಂದು. ಅದರೊಳಗೆ ಎಲ್ಲೋ ಒಂದು ಕಡೆ ಗುರುತು ಹಾಕಿದರು. ಬಳಿಕ ಬೇರೊಂದು ಕಡೆ ಹೋಗಿ ಬಾಣದ ಓಟವನ್ನು ನಿಧಾನ ಮಾಡಿದರು. ಇಷ್ಟಾದ ಮೇಲೆ, ಪರೀಕ್ಷೆಗೆಂದು ಆ ಯಂತ್ರದಲ್ಲಿ ಹಾಕಿದ್ದ ನಮ್ಮ ಜೆಟ್ಟಿಯ ಫೋಟೋದ ಮೇಲೆ ಬಾಣ ತಂದು, ಒತ್ತಿದರು. ಎರಡಲ್ಲ, ಒಂದೇ ಸಲ. ಒಂದೇ ಜೆಟ್ಟಿ ತೆರೆಯಿತು. ಅದನ್ನು ಅವರು ಬಹಳ ಹೊತ್ತು ನೋಡಿದರು.

ನೋಡಿ, ಯಂತ್ರ ಆಫ್ ಮಾಡಿದರು. ಮತ್ತೆ ಆನ್ ಮಾಡಿದರು. ಅಂಶ 3ರಲ್ಲಿ ತಿಳಿಸಿದಂತೆ ಆ ಪೆನ್ ಡ್ರೈವ್ ಎಲ್ಲವನ್ನೂ ಮರೆಯುತ್ತದೆ. ಆದ್ದರಿಂದ ಅವರು ಅದಕ್ಕೆ ಮೊದಲಿನಿಂದ ಹೇಳಿಕೊಡಲು ಶುರು ಮಾಡಿದರು. ನನ್ನ ಕಣ್ಣ ಮುಂದೆ ನಾಲ್ಕು ಸಲ. ಪ್ರತಿ ಸಲವೂ ಕೋಪವಿಲ್ಲದೆ, ಹೊಸದಾಗಿ. ನಾಲ್ಕನೇ ಸಲಕ್ಕೆ ನನ್ನ ಕೈಲಿದ್ದ ಹಂಡೆಯ ಮುಚ್ಚಳ ಜಾರಿ ಬಿತ್ತು. ಅದು ಕಿವಿ ಮುಚ್ಚಳಕ್ಕೂ ಮೀರಿದ ಸದ್ದು. ಅವರು ತಿರುಗಿದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನಾವಿಬ್ಬರೂ ಎದುರುಬದುರಾದೆವು. ಇಬ್ಬರಿಗೂ ಆ ಭಂಗಿಯಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವರು ಕಿವಿ ಮುಚ್ಚಳ ತೆಗೆದು ಅದರ ನೆರಳಿಗೆ ನೇತು ಹಾಕಿ ಹೊರಟುಹೋದರು.

11. ಪೆನ್ ಡ್ರೈವ್ ಯಂತ್ರದಲ್ಲೇ ಉಳಿದಿದ್ದರಿಂದ, ಆ ದಿನ ಅದೇ ಕುರ್ಚಿಯಲ್ಲಿ ನಾನು ಕೂತೆ. ಅವರು ಗುರುತು ಹಾಕಿದ ಆ ಜಾಗ ಹುಡುಕಿ, ಹನ್ನೊಂದೂ ಯಂತ್ರಗಳಲ್ಲಿ ಅದನ್ನು ಮೊದಲೇ ಹಾಕಿಟ್ಟರೆ, ಅದೇ ನನ್ನ ಕ್ಷಮೆಯಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಮೂರು ಗಂಟೆ ಹುಡುಕಿದೆ. ಹಿನ್ನೆಲೆಯ ಚಿತ್ರ ಐದು ಸಲ ಬದಲಾಯಿತು. ಅಕ್ಷರಗಳು ದ್ರಾಕ್ಷಿಯಷ್ಟಾದವು, ಬಳಿಕ ಸಾಸಿವೆಯಷ್ಟು. ಕೊನೆಗೆ ಇಡೀ ಪರದೆ ತಲೆಕೆಳಗಾಯಿತು. ಸರಿಪಡಿಸಲು ಆಗದ ಕಾರಣ ನಾನು ಪರದೆಯನ್ನೇ ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಕೆಲಸ ಮುಂದುವರಿಸಿದೆ. ಆತೊಲ್ ಬಂದು ನೋಡಿದರು.

“ಏನೋ ಇದು?”

“ಈಗ ಸರಿಯಾಗಿದೆ.”

“ಮೌಸ್ ಎಡಕ್ಕೆ ಎಳೆದ್ರೆ ಬಾಣ ಬಲಕ್ಕೆ ಹೋಗ್ತಿದೆ.”

“ರಿವರ್ಸ್ ಗೇರ್ ಅಂದ್ಕೋ.”

“ಕ್ಲೆಮ್, ಒಂದು ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬೇಡ.”

“ಹೇಳು.”

“ನಿಂಗೆ ಏನೂ ಬರಲ್ಲ ಮಾರಾಯ.”

ಇದು ಸುರಕ್ಷತಾ ಅಧಿಕಾರಿಯ ಅಧಿಕೃತ ಅಭಿಪ್ರಾಯವೆಂದು ಪರಿಗಣಿಸಬೇಕಾಗಿ ಕೋರುತ್ತೇನೆ. ಹಾಗೆ ಬರೆದುಕೊಡಿ ಎಂದು ಕೇಳಿದೆ. ಸಂತೋಷದಿಂದ ಬರೆದುಕೊಟ್ಟಿದ್ದಾರೆ.

12. ಈ ನಡುವೆ, ಒಬ್ಬ ಸದಸ್ಯನನ್ನು ಇನ್ನೊಬ್ಬನ ಜೊತೆ ಮಾತಾಡು ಎಂದು ಆದೇಶಿಸಲು ಸಮಿತಿಗೆ ಅಧಿಕಾರವಿಲ್ಲವೆಂದು ಕಾರ್ಯದರ್ಶಿಗಳು ತಿಳಿಸಿರುತ್ತಾರೆ. ಆದ್ದರಿಂದ ‘ವಿಷಯ’ದಲ್ಲಿ ಕೇಳಿದ್ದನ್ನು ನೇರವಾಗಿ ಕೇಳಲು ಬಾರದ ಕಾರಣ, ಕೇಳಬಹುದಾದದ್ದನ್ನು ಕೆಳಗೆ ಕೇಳುತ್ತಿದ್ದೇನೆ:

ಅ) ಹಾಲಿ ಇರುವ ಒಂದೇ ತಳಿಯಾದ ಮಿಂಟನ್ನು ಹನ್ನೊಂದೂ ಯಂತ್ರಗಳಿಗೆ ಆಯ್ಕೆ ಮಾಡಬೇಕು. ಅದು ಬೆವನ್ ಅವರ ಆಯ್ಕೆಯಾಗಿತ್ತೆಂದೂ, ಕಾರಣಸಹಿತವಾಗಿ ಮಾತಾಡಿದ್ದು ಅಂದು ಅವರೊಬ್ಬರೇ ಎಂದೂ ಟಿಪ್ಪಣಿ ಸೇರಿಸಬೇಕು. ಉಬುಂಟು ಪರವಾದ ನನ್ನ ಮತವನ್ನು ಹಿಂಪಡೆಯುತ್ತೇನೆ. ಅದರ ಮೇಲೆ ನನಗೆ ದ್ವೇಷವಿಲ್ಲ, ಪರಿಚಯವೂ ಇಲ್ಲ.

ಆ) ನಿರ್ಣಯ ಸಂಖ್ಯೆ 4ಕ್ಕೆ ಬೇಕಾಗಿರುವ, ಇದುವರೆಗೆ ಪತ್ತೆಯಾಗದ ಹೊಸಬ ನಾನೇ ಎಂದು ಘೋಷಿಸಬೇಕು. ಮೂವತ್ತು ಜನರ ಮುಂದೆ, ಹತ್ತೂವರೆಯ ಚಹಾದ ಹೊತ್ತಿಗೆ, ಗಟ್ಟಿಯಾಗಿ ಓದಬೇಕು. ಬಾಗಿಲ ಪಕ್ಕದ ಫಲಕದಲ್ಲಿ ಪದಾಧಿಕಾರಿಗಳ ಹೆಸರಿನ ಕೆಳಗೆ ‘ಹೊಸಬ: ಕ್ಲೆಮ್ ಪಾಸ್ಕೊ’ ಎಂದು ಬಣ್ಣದಲ್ಲಿ ಬರೆಸಬೇಕು. ಬಣ್ಣದ ವಿಭಾಗದವರು ಒಪ್ಪಿದ್ದಾರೆ, ಅಕ್ಷರದ ಗಾತ್ರದ ವಿಷಯದಲ್ಲಿ ತುಸು ಅತಿಯಾಗಿಯೇ ಉತ್ಸಾಹ ತೋರಿದ್ದಾರೆ.

ಇ) ನಮೂನೆ 6ರ ಪ್ರಕಾರ ಹೊಸಬನು ಯಂತ್ರ ಬಲ್ಲವರ ಪಕ್ಕದಲ್ಲಿ ಹತ್ತು ಗಂಟೆ ಕಳೆಯುವುದು ಕಡ್ಡಾಯವಾಗಿರುವುದರಿಂದಲೂ, ಸದರಿ ಯಂತ್ರವನ್ನು ಬಲ್ಲವರು ಈ ಶೆಡ್ಡಿನಲ್ಲಿ ಬೆವನ್ ಒಬ್ಬರೇ ಆಗಿರುವುದರಿಂದಲೂ, ಅವರನ್ನು ನನ್ನ ಬೋಧಕರನ್ನಾಗಿ ನೇಮಿಸಬೇಕು. ಇಬ್ಬರೂ ಪರದೆಯನ್ನೇ ನೋಡುವುದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಾದ ಪ್ರಮೇಯ ಬರುವುದಿಲ್ಲ. ಆ ಹತ್ತು ಗಂಟೆ ಅವರು ಏನೂ ಮಾತಾಡದೆ ಬೆರಳು ತೋರಿಸಿಯೇ ಕಲಿಸಿದರೂ ನನಗೆ ಅಭ್ಯಂತರವಿಲ್ಲ. ಬೈದರೆ ಇನ್ನೂ ಒಳ್ಳೆಯದು.

ಈ) ಹತ್ತು ಗಂಟೆಯಲ್ಲಿ ಕಲಿಯದ ಹೊಸಬನಿಗೆ ಇನ್ನೂ ಹತ್ತು ಗಂಟೆ ಕೊಡಬಹುದೆಂದು ನಿಯಮವಿದೆ. ಎಷ್ಟು ಸಲ ಎಂದು ಹೇಳಿಲ್ಲ. ನಾನು ಬೇಗ ಕಲಿಯುವುದಿಲ್ಲ ಎಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.

ಮೇಲ್ಕಂಡ ಕಾರಣಗಳಿಂದ ಸಮಿತಿಯು ಸದರಿ ಅರ್ಜಿಯನ್ನು ಬರುವ ಗುರುವಾರದೊಳಗೆ ಪರಿಶೀಲಿಸಬೇಕಾಗಿ ವಿನಂತಿ.

ಎಲ್ಲದರ ನಡುವೆಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
(ಸಹಿ)
ಕ್ಲೆಮ್ ಪಾಸ್ಕೊ

ಲಗತ್ತುಗಳು:
1. ನಡುಮಧ್ಯೆ ತೂತಿರುವ ಪೆನ್ ಡ್ರೈವ್, ಮಾದರಿಗೆ ಒಂದು. (ನೋಡಿದ ಮೇಲೆ ದಯವಿಟ್ಟು ಅದರ ನೆರಳಿಗೇ ಮರಳಿಸುವುದು. ಆತೊಲ್ ಅವರು ಕೇಳುತ್ತಿದ್ದಾರೆ.)
2. ‘ನಿಂಗೆ ಏನೂ ಬರಲ್ಲ ಮಾರಾಯ’: ಸುರಕ್ಷತಾ ಅಧಿಕಾರಿಗಳ ಪ್ರಮಾಣಪತ್ರ, ಮೊಹರಿನೊಂದಿಗೆ.
3. ತಲೆಕೆಳಗಾಗಿ ನಿಲ್ಲಿಸಿದ ಪರದೆಯ ಫೋಟೋ. ಯಾವ ಕಡೆಯಿಂದ ಹಿಡಿದು ನೋಡಬೇಕೆಂಬುದನ್ನು ಸಮಿತಿಯ ವಿವೇಚನೆಗೆ ಬಿಡಲಾಗಿದೆ.
4. ನಮೂನೆ 6, ಹೊಸಬನ ಸಹಿ ಹಾಕಿದ್ದು. ಬೋಧಕರ ಸಹಿಯ ಜಾಗ ಖಾಲಿ ಬಿಟ್ಟಿದೆ.

ವಿಶೇಷ ಸೂಚನೆ: ಲಗತ್ತು 4ರಲ್ಲಿ ಬೋಧಕರ ಸಹಿಗೆಂದು ಬಿಟ್ಟಿರುವ ಚೌಕ ಎರಡು ಸೆಂಟಿಮೀಟರ್ ಅಗಲವಿದೆ. ಸಹಿ ಚೌಕದ ಗೆರೆ ದಾಟಿದರೆ ನಮೂನೆ ಅಸಿಂಧು ಎಂದು ಅಡಿಯಲ್ಲಿ ಅಚ್ಚಾಗಿದೆ. ಗುರುವಾರದೊಳಗೆ ಸದರಿ ಚೌಕವನ್ನು ಇಡೀ ಪುಟದಷ್ಟು ದೊಡ್ಡದಾಗಿ ಹೊಸದಾಗಿ ಅಚ್ಚು ಹಾಕಿಸಬೇಕಾಗಿ ಕೋರಿಕೆ. ಶ್ರೀ ಹ್ಯಾಡೊ ಅವರು ಏಕೆಂದು ಕೇಳಿದರೆ, ಮುದ್ರಣದ ತಪ್ಪು ಎನ್ನುವುದು.